ಕಾರಿಡಾರಿನಲ್ಲಿ ಚಾಚಿದ ಕೈ

ಅಕ್ಕ,

ಇವತ್ತೊಂದು ಕೇಸು ಗೆದ್ದೆ. ಬಣ್ಣದ ಕಾರ್ಖಾನೆಯ ಪಾಲುದಾರಿಕೆಗಾಗಿ ಅಣ್ಣತಮ್ಮಂದಿರ ವ್ಯಾಜ್ಯ, ಹನ್ನೊಂದು ವರ್ಷ ಎಳೆದಿತ್ತು. ನಾನು ಅಣ್ಣನ ಕಡೆಯ ವಕೀಲ.

ತೀರ್ಪಿಗೆ ಮೊದಲು ಕೋರ್ಟಿನ ಕಾರಿಡಾರಿನಲ್ಲಿ ಆ ತಮ್ಮ ನಮ್ಮೆದುರಿಗೆ ಬಂದ. "ಅಣ್ಣಾ, ಒಂದ್ನಿಮಿಷ ಮಾತಾಡ್ಬೇಕಿತ್ತು" ಎಂದು ಕೈ ಚಾಚಿದ. ನನ್ನ ಕಕ್ಷಿದಾರರ ಕೈಯೂ ಮೇಲೆದ್ದಿತ್ತು. ಅಷ್ಟರಲ್ಲಿ ನಾನು ನಡುವೆ ಹೋಗಿ ನಿಂತೆ. ಯೋಚಿಸಿ ನಿಂತದ್ದಲ್ಲ, ಮೂವತ್ತೆರಡು ವರ್ಷದ ರೂಢಿ, ಕಾಲು ತಾನಾಗಿ ಹೋಯಿತು. ಎದುರು ಪಕ್ಷದವರ ಜೊತೆ ಬಾಯಿಮಾತು ಬೇಡ, ನಾಳೆ ಅದೇ ಕೊರಳಿಗೆ ಉರುಳಾಗುತ್ತದೆ ಎಂದು ಬಂದವರಿಗೆಲ್ಲ ಹೇಳಿಕೊಟ್ಟವನು ನಾನು.

"ಏನಿದ್ರೂ ನಿಮ್ಮ ವಕೀಲರ ಕೈಲಿ ಬರೆಸಿ ಕಳಿಸಿ" ಎಂದೆ. ಅವನು ಚಾಚಿದ ಕೈಯನ್ನು ಜೇಬಿಗೆ ಹಾಕಿಕೊಂಡ.

ಗೆದ್ದು ಹೊರಗೆ ಬಂದಾಗ ಕಕ್ಷಿದಾರರು ತೀರ್ಪಿನ ಬಗ್ಗೆ ಏನೂ ಕೇಳಲಿಲ್ಲ. "ಅವನು ಏನ್ ಹೇಳೋನಿದ್ದ ಸಾರ್?" ಎಂದರು. ನಾನು ಫೈಲು ತಿರುವುತ್ತ ನಿಂತೆ. ನೀನಿದ್ದಿದ್ದರೆ, "ಲಾಯರ್ ಸಾಹೇಬ್ರಿಗೂ ಬಾಯಿ ಕಟ್ಟಿಹೋಯ್ತಾ" ಎಂದು ನಗುತ್ತಿದ್ದೆಯೋ ಏನೋ.

ಅಪ್ಪನ ಅಂಗಡಿಯ ವಿಷಯಕ್ಕೆ ನಾವಿಬ್ಬರೂ ಮಾತು ಬಿಟ್ಟಿದ್ದಾಗ ನೀನೊಮ್ಮೆ ಫೋನ್ ಮಾಡಿದ್ದೆ. "ಒಂದ್ಮಾತು ಹೇಳ್ಬೇಕು ಕಣೋ" ಎಂದಿದ್ದೆ. ಏನಿದ್ದರೂ ಬರೆದು ಕಳಿಸು ಎಂದು ಇಟ್ಟುಬಿಟ್ಟೆ. ಆಸ್ಪತ್ರೆಯಿಂದ ಮಾಡಿದ್ದೆಯಂತೆ. ನನಗೆ ಗೊತ್ತಾಗುವ ಹೊತ್ತಿಗೆ ನೀನಿರಲಿಲ್ಲ.

ಆಫೀಸಿನ ಗುಮಾಸ್ತ ಟಪಾಲು ತಂದಿಟ್ಟಾಗ ಇವತ್ತಿಗೂ ನಾನು ಮೊದಲು ನೋಡುವುದು ಲಕೋಟೆಯ ಮೇಲಿನ ಕೈಬರಹ.