ಅಪ್ಪ ಓದಿದ ಡೆನ್ಮಾರ್ಕ್

ವಾಡಿ,
16 ಡಿಸೆಂಬರ್ 2025

ತಂಗಿ ರಾಧಿಕಾಳಿಗೆ ಅಣ್ಣನ ಜೈಭೀಮ್.

ವಾಡಿ ಕ್ವಾರ್ಟರ್ಸಿನ ಸಮಸ್ತ ಮಹಾಜನರೇ, ಕಟ್ಟೆ ಮೇಲೆ ಕುಂತ ಪಂಚರೇ, ಚಾದ ಕಪ್ಪು ಕೆಳಗಿಟ್ಟು, ತುಸು ಲಕ್ಷ್ಯ ಕೊಟ್ಟು ಕೇಳಬೇಕು. ಆರೋಪಿ: ಸೇಡಂನ ಇಂಗ್ಲಿಷ್ ಟೀಚರ್, ಅಂದರೆ ನನ್ನ ತಂಗಿ. ಅಪರಾಧ: ಓದಿದ್ದು.

ನಗಬೇಡ. ಸಿಟ್ಟು ಬಂದಾಗಲೂ ನನಗೆ ಪ್ರಾಸ ಬರ್ತದ, ಅದು ನನ್ನ ರೋಗ.

ರವಿವಾರ ನೀ ಬಂದಾಗ ಅಪ್ಪ ನನ್ನ ಮಗಳನ್ನು ಮಗ್ಗಲಿಗೆ ಕೂಡಿಸಿಕೊಂಡು ಆ ಹಳೇ ಚಿತ್ರದ ಪುಸ್ತಕ ತೆಗೆದಿದ್ದ. ಸಿಮೆಂಟ್ ಫ್ಯಾಕ್ಟರಿಗೆ ಮಷಿನ್ ಕೂಡಿಸಲು ಬಂದಿದ್ದ ಡೆನ್ಮಾರ್ಕಿನ ಎಂಜಿನಿಯರ, ವಾಪಸ್ ಹೋಗುವಾಗ ನಮ್ಮಪ್ಪ ಫಿಟ್ಟರ್ ನಾಮದೇವನ ಕೈಗಿಟ್ಟ ತನ್ನ ದೇಶದ ಕಥೆಗಳ ಇಂಗ್ಲಿಷ್ ಪುಸ್ತಕ. ಅಪ್ಪಗ ಇಂಗ್ಲಿಷ್ ಬರಂಗಿಲ್ಲ, ಕನ್ನಡ ಸಹಿಯಷ್ಟೇ. ಆದರೆ ಅವರ ದೇಶದ ಡ್ರಾಯಿಂಗ್ ನೋಡಿ, ಒಂದು ಬೋಲ್ಟೂ ಉಳಿಯದಂಗ ಮಷಿನ್ ಜೋಡಿಸಿದ ಮನುಷ್ಯ. ಈ ಚಿತ್ರಗಳನ್ನೂ ಹಂಗೇ ಓದಿ ಕಥಿ ಜೋಡಿಸಿದ. ಬಿಳಿ ಓಣಿಯಲ್ಲಿ ಕಡ್ಡಿಪೆಟ್ಟಿಗಿ ಹಿಡಿದು ನಿಂತ ಹುಡುಗಿಯ ಚಿತ್ರ ಬಂದರೆ, ಆ ಬಿಳಿ ಎಲ್ಲಾ ಸಿಮೆಂಟಿನ ಧೂಳು, ಅದೂ ನಮ್ಮಂಥ ಫ್ಯಾಕ್ಟರಿ ಊರು, ಆಕಿ ಸೆಕೆಂಡ್ ಶಿಫ್ಟಿಗೆ ಹೋದ ಅಪ್ಪನ ದಾರಿ ಕಾಯಾಕತ್ತಾಳ, ಅಂವ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೇ ಬರ್ತಾನ ಅಂತಿದ್ದ. ನೀನೂ ಅದನ್ನೇ ಕೇಳಿ ಮಲಗಿದಾಕಿ.

ಅಂಥಾಕಿ ಕನ್ನಡಕ ಏರಿಸಿ, ಅಪ್ಪಾ ಇದು ಧೂಳಲ್ಲ ಹಿಮ, ಈಕಿಗಿ ಕರಕೊಂಡು ಹೋಗಾಕ ಯಾರೂ ಬರಂಗಿಲ್ಲ ಅಂದಿ. ಹೋಮ್‌ವರ್ಕ್ ತಿದ್ದಿದಂಗ. ನನ್ನ ಮಗಳು, ಮುತ್ಯಾ ನೀ ಸುಳ್ಳು ಹೇಳಿದ್ಯಾ ಅಂತ ಕೇಳಿದಳು. ಹೌದವ್ವಾ, ನನಗೇನು ತಿಳೀತದ ಅಂತ ಅಪ್ಪ ಪುಸ್ತಕ ಟ್ರಂಕಿನಾಗ ಇಟ್ಟುಬಿಟ್ಟ. ಅವತ್ತಿನಿಂದ ಹುಡುಗಿ ಕಥಿ ಕೇಳಿದರೆ, ಟಿವಿ ನೋಡು ಹೋಗು ಅಂತಾನ.

ಅಪ್ಪನ ಪೇಪರ್ ತಿದ್ದುವ ನೌಕರಿ ನಿನಗೆ ಯಾರು ಕೊಟ್ಟಿದ್ದರು? ಎಪ್ಪತ್ತೆಂಟು ವಯಸ್ಸಿನವನನ್ನು ಮೊಮ್ಮಗಳ ಮುಂದೆ ಫೇಲ್ ಮಾಡಿದಿ. ಬರುವ ರವಿವಾರ ಬಾ. ಟ್ರಂಕ್ ತೆಗಿ. ಅಪ್ಪನ ಮುಂದೆ ಕುಂತು ಕಥಿ ಹೇಳು ಅನ್ನು. ಆ ಹುಡುಗಿಗಿ ಕರಿಯಾಕ ಯಾರೂ ಬರದಿದ್ದರೆ ಅದು ಪುಸ್ತಕದ ತಪ್ಪು, ನಮ್ಮಪ್ಪಂದಲ್ಲ.

ಸಿಟ್ಟು ಇಳಿಯದ ನಿನ್ನಣ್ಣ,
ರಾಜರತ್ನ

ತಾ.ಕ.: ನಾನು ಬಿ.ಎ. ಮೊದಲ ವರ್ಷ, ನೀನು ಹಾಸ್ಟೆಲಿನಾಗ ಇದ್ದಿ. ಡಿಕ್ಷನರಿ ಹಿಡಿದು ಆ ಕಥಿ ಮೊದಲು ಓದಿದವ ನಾನೇ. ಮಶಾಕ ಕಾಕಾನ ಚಾದಂಗಡಿಯಲ್ಲಿ, ಶಿಫ್ಟಿನ ಮಂದಿ ಎದುರಿಗೆ, ನಮ್ಮಪ್ಪ ಹಿಮಕ್ಕ ಸಿಮೆಂಟ್ ಅಂತಾನ ಅಂತ ನಕ್ಕಿದ್ದೆ. ಅಪ್ಪನೂ ನಕ್ಕ. ಆಮೇಲೆ ನನ್ನ ಮಗಳು ಹುಟ್ಟುವ ತನಕ ಆ ಪುಸ್ತಕ ಮುಟ್ಟಲಿಲ್ಲ. ತಪ್ಪಾತು ಅಂತ ನಾ ಇವತ್ತಿಗೂ ಅಂದಿಲ್ಲ. ಒಬ್ಬನೇ ಟ್ರಂಕ್ ತೆಗೆಯಲು ನನಗೆ ಮಾರಿ ಇಲ್ಲ, ರಾಧಿಕಾ. ಬಾ.