ಕೊನೆಯ ಮಾತಿಗೆಂದು ಉಳಿಸಿದ ಉಸಿರು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಆಸ್ಪತ್ರೆಯ ಊದುವ ಕೋಣೆ. ಮೂಗಿಗೆ ಕ್ಲಿಪ್, ಬಾಯಿಗೆ ರಟ್ಟಿನ ಕೊಳವೆ. ಎದುರಿಗೆ ಟೆಕ್ನಿಷಿಯನ್ ಹುಡುಗಿ. ನಾನಿಟ್ಟ ಹೆಸರು ಸೇನಾಪತಿ. "ಊದಿ, ಊದಿ, ಇನ್ನೂ ಊದಿ!" ಎಂದು ಅಬ್ಬರಿಸಿದಳೆಂದರೆ ರಣಕಹಳೆಯೇ ನಾಚಬೇಕು! ಶ್ವಾಸಕೋಶದ ರೋಗವನ್ನು ಬೇಗ ಪತ್ತೆಹಚ್ಚುವ ಸಂಶೋಧನೆಯಂತೆ. ರಂಗದ ಮೇಲೆ ಜೀವಮಾನವಿಡೀ ಗುಡುಗಿದ ಈ ಎದೆಯಲ್ಲಿ ರೋಗವೇ? ಛೇ! ಆದರೂ ಬಂದೆ. ನಾಟಕ ಕಂಪನಿಯ ಮ್ಯಾನೇಜರನ ಅಪ್ಪಣೆ — ಡಾಕ್ಟರ್ ಹೂಂ ಅಂದರಷ್ಟೇ ಮುದಿರಾಜನ ಪಾತ್ರ.

ಊದಿದೆ. ಸೇನಾಪತಿ ಹುಬ್ಬು ಗಂಟಿಕ್ಕಿದಳು.

"ಸರ್, ಕೊನೇಲಿ ನಿಲ್ಲಿಸಿಬಿಟ್ರಿ."

"ಖಾಲಿ ಆಯ್ತಮ್ಮ! ಈ ಎದೆಯೆಂಬ ಭಂಡಾರದಲ್ಲಿ ಇನ್ನೊಂದು ಎಳೆ ಗಾಳಿಯೂ ಉಳಿದಿಲ್ಲ!"

"ಖಾಲಿ ಆದ್ಮೇಲೆ ಇಷ್ಟುದ್ದ ಮಾತು ಎಲ್ಲಿಂದ ಬಂತು ಸರ್?"

ಮಾರ್ಚ್ 5

ತಾಲೀಮು. ರಾಜನ ಸಾವಿನ ದೃಶ್ಯ. ಮಾತಿನ ನಡುವೆ ನಿಂತೆ. "ಆಹಾ, ಏನು ಮೌನ!" ಎಂದ ಮ್ಯಾನೇಜರ್. ಮೌನವಂತೆ... ಉಸಿರು ಸಿಗಲಿಲ್ಲ. ಯಾರಿಗೂ ಹೇಳಿಲ್ಲ. ಪಕ್ಕದ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವವಳು ನನ್ನ ಹೆಂಡತಿ. ಪುಸ್ತಕ ಮುಚ್ಚಿ ನನ್ನನ್ನೇ ನೋಡುತ್ತಿದ್ದಳು.

ಮಾರ್ಚ್ 11

ಊದುವ ಕೋಣೆಗೆ ಹೆಂಡತಿಯೂ ಬಂದಳು. ಬೇಡವೆಂದರೂ ಬಂದಳು.

ಡಾಕ್ಟರ್ ಗ್ರಾಫ್ ತೋರಿಸಿದರು. "ಅಂಕಿ ಚೆನ್ನಾಗಿಯೇ ಇದೆ. ಆದ್ರೆ ಪೂರ್ತಿ ಊದದೇ ಇದ್ರೂ ಹೀಗೇ ಚೆನ್ನಾಗಿ ಕಾಣುತ್ತೆ."

ಚೆನ್ನಾಗಿದೆ! ಅಷ್ಟು ಸಾಕು! ಎದ್ದೆ.

"ಕೂತ್ಕೊಳ್ರೀ," ಎಂದಳು. ಸೇನಾಪತಿಯ ಕಡೆ ತಿರುಗಿದಳು. "ನೋಡಮ್ಮ, ಇವ್ರು ಪೂರ್ತಿ ಉಸಿರು ಬಿಡೋರೇ ಅಲ್ಲ. ಕೊನೇ ಮಾತಿಗೆ ಒಂದಿಷ್ಟು ಉಳಿಸ್ಕೋಬೇಕು ಅಂತ ನಾಟಕದ ಮೇಷ್ಟ್ರು ಹೊಡೆದು ಕಲಿಸಿದಾರೆ."

"ಇಲ್ಲಿ ಕೊನೇ ಮಾತೇ ಇಲ್ವಲ್ಲ ಅಮ್ಮ!"

"ಇದೆ. ಅದನ್ನ ಡಾಕ್ಟರ್ ಹೇಳ್ತಾರೆ. ಇವ್ರು ಊದಲಿ."

ಊದಿದೆ. ಮೇಷ್ಟ್ರ ಬೆತ್ತ ಕಣ್ಣಮುಂದೆ ಬಂದರೂ ಊದಿದೆ. ತಳ ಮುಟ್ಟಿದಾಗ ಎದೆಯೊಳಗಿಂದ ಸಣ್ಣ ಸಿಳ್ಳೆ. ನನ್ನದೇ. ಇಷ್ಟು ದಿನ ತೆರೆಯ ಹಿಂದೆ ಅಡಗಿದ್ದ ಪಾತ್ರಧಾರಿ.

ಸೇನಾಪತಿ ಈ ಸಲ ಕೂಗಲಿಲ್ಲ. ನೀರು ಕೊಟ್ಟಳು.

ಮಾರ್ಚ್ 13

ಶ್ವಾಸನಾಳಗಳು ಕಿರಿದಾಗಿವೆಯಂತೆ. ಬೇಗ ಸಿಕ್ಕಿತು, ಹತೋಟಿಯಲ್ಲಿಡಬಹುದು ಎಂದರು ಡಾಕ್ಟರ್. ದಿನವೂ ಇನ್‌ಹೇಲರ್. "ಪಾತ್ರ ಮಾಡಿ. ಆದ್ರೆ ಒಂದೇ ಉಸಿರಿನ ವೀರಾವೇಶ ಬೇಡ."

ಒಂದೇ ಉಸಿರಿನ ಆ ಮಾತಿಗೇ ಅಲ್ಲವೇ ಚಪ್ಪಾಳೆ! ಕತ್ತರಿಸುವುದೇ? ಸಾಧ್ಯವಿಲ್ಲ ಎಂದು ಗರ್ಜಿಸಿದೆ. ಅರ್ಧದಲ್ಲೇ ಕೆಮ್ಮು.

ಹೆಂಡತಿ ಪೆನ್ಸಿಲ್ ಹಿಡಿದು ನಾಟಕದ ಪುಸ್ತಕದಲ್ಲಿ ಅಲ್ಲಲ್ಲಿ ಗೀಟು ಹಾಕುತ್ತಲೇ ಇದ್ದಳು. "ಸಾಯೋ ರಾಜ ಒಂದೇ ಉಸಿರಲ್ಲಿ ಭಾಷಣ ಬಿಗೀತಾನೇನ್ರೀ? ನಡುನಡುವೆ ಉಸಿರಾಡ್ಲಿ ಬಿಡಿ, ಪಾಪ."

ಮಾರ್ಚ್ 29, ಸಂಜೆ

ಬಣ್ಣದ ಕೋಣೆ. ಕಿರೀಟ ತಲೆಯ ಮೇಲೆ, ಇನ್‌ಹೇಲರ್ ಸೊಂಟಪಟ್ಟಿಯಲ್ಲಿ. ಸೇನಾಪತಿ ಮೊದಲ ಸಾಲಿನಲ್ಲಿ ಕುಳಿತಿದ್ದಾಳಂತೆ. ಹೆಂಡತಿ ಪರದೆಯ ಹಿಂದೆ, ಪುಸ್ತಕ ತೆರೆದು.

ಎರಡನೇ ಗಂಟೆ ಬಾರಿಸಿತು. ಮೇಷ್ಟ್ರೇ, ಕ್ಷಮಿಸಿ. ಇವತ್ತು ಏನೂ ಉಳಿಸಿಕೊಳ್ಳುವುದಿಲ್ಲ. ಉಸಿರು ಪೂರ್ತಿ ಬಿಟ್ಟು ನೋಡಿದೆ... ಖಾಲಿ. ಹೆದರಿಕೆಯಾಯಿತು. ಆಮೇಲೆ ತಾನಾಗಿಯೇ ಒಳಗೆ ಬಂತು.

ಅಗೋ, ಮೂರನೇ ಗಂಟೆ. ತೆರೆ ಏಳು—