ಹುಣಸೆಹಣ್ಣು ತಾಗದ ಒಂದು ಡಾಲರು

ಪ್ರೀತಿಯ ಮಾವ,

ನೆಂಟಸ್ತಿಕೆಯೇ ಇಲ್ಲದ ನಿಮ್ಮನ್ನು ಹೀಗೆ ಕರೆಯಲು ಶುರುಮಾಡಿದ್ದು ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ, ನೆನಪಿದೆಯಾ? ಅಲ್ಲಿನ ಮ್ಯಾನೇಜರು ನೀವು. ಬಟ್ಟೆ ಒಗೆಯುವ ಮಷೀನಿನ ಡಬ್ಬಿ ಬಿಚ್ಚಿ, ಚಿಲ್ಲರೆಯನ್ನೆಲ್ಲ ನೆಲಕ್ಕೆ ಸುರಿದುಕೊಂಡು ಕಾಲು ಡಾಲರಿನ ಒಂದೊಂದೇ ಕ್ವಾರ್ಟರನ್ನು ತಿರುಗಿಸಿ ನೋಡುತ್ತಿದ್ದಿರಿ. ನಾನು "ಎಕ್ಸ್‌ಕ್ಯೂಸ್ ಮೀ, ಅಂಕಲ್" ಅಂದೆ. ತಲೆ ಎತ್ತದೆಯೇ, "ಅಂಕಲ್ಲು ಗಿಂಕಲ್ಲು ಬ್ಯಾಡ ಕಣವ್ವ, ಮಾವ ಅನ್ನು ಸಾಕು. ಮಂಡ್ಯದೋನು ನಾನು" ಅಂದಿರಿ. ರಾಶಿಯಲ್ಲಿ ಒಂದು ಕೆನಡಾ ನಾಣ್ಯ ಸಿಕ್ಕಿತ್ತು. ಬ್ಯಾಂಕಿನವರು ಅದನ್ನು ತೆಗೆದುಕೊಳ್ಳುವುದಿಲ್ಲವೆಂದು ನಿಮ್ಮ ಜೇಬಿನ ಕ್ವಾರ್ಟರನ್ನು ರಾಶಿಗೆ ಹಾಕಿ ಅದನ್ನು ನೀವು ಎತ್ತಿಕೊಂಡಿರಿ. ನಾನು ನೋಡಲು ಕೈ ಚಾಚಿದ್ದೇ ತಡ, "ಏ, ಅಂಚು ಹಿಡ್ಕೊಳವ್ವ! ಮುಖದ ಮ್ಯಾಲೆ ಬೆರಳು ಇಡಬಾರ್ದು" ಅಂತ ಗದರಿದಿರಿ. ಪರಿಚಯವಾಗಿ ಐದು ನಿಮಿಷವೂ ಆಗಿರಲಿಲ್ಲ. ನನಗೆ ಸಿಟ್ಟೇ ಬಂದಿತ್ತು.

ಆಮೇಲೊಂದು ಭಾನುವಾರ ನಿಮ್ಮ ಮನೆಯಲ್ಲಿ ಜಯತ್ತೆ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ನಿಮ್ಮ ಆಲ್ಬಮ್ಮು ತೆರೆದು ತೋರಿಸಿದಿರಿ. ಎಲ್ಲವೂ ಲಾಂಡ್ರಿಯಲ್ಲಿ ಸಿಕ್ಕವಲ್ಲ. ಕೆನಡಾದ ಬೆಳ್ಳಿ ಡಾಲರುಗಳನ್ನು ನೀವು ಸ್ಯಾನ್ ಹೋಸೆಯ ನಾಣ್ಯ ಪ್ರದರ್ಶನಗಳಲ್ಲಿ ಚೌಕಾಸಿ ಮಾಡಿ ತಂದಿದ್ದಿರಿ. "ಈ ರಾಜನ ತಲೆ ಸುತ್ತ ಬರ್ದಿರೋದ ಓದು. ಭಾರತದ ಚಕ್ರವರ್ತಿ ಅಂತೈತೆ. ನಮ್ಗೆ ಸ್ವಾತಂತ್ರ್ಯ ಬಂತಲ್ಲ, ಆ ಮಾತ ಕಿತ್ತಾಕ್ಬೇಕಾಯ್ತು!" ಹೊಸ ಅಚ್ಚು ಬರುವುದು ತಡವಾಗಿ, ಅಲ್ಲಿಯವರೆಗೆ ನಲವತ್ತೇಳರ ಹಳೆಯ ಅಚ್ಚಿಗೇ ಇಸವಿಯ ಪಕ್ಕ ಪುಟ್ಟ ಮೇಪಲ್ ಎಲೆಯೊಂದನ್ನು ಸೇರಿಸಿ ನಾಣ್ಯ ಹೊಡೆದರಂತೆ. ಚಕ್ರವರ್ತಿ ಪದವಿ ಕಳೆದುಕೊಂಡ ನಲವತ್ತೆಂಟರ ಡಾಲರು ಹೊಡೆದದ್ದು ಕೊಂಚವೇ, ಹಾಗಾಗಿ ಅದಕ್ಕೇ ಬೆಲೆ ಜಾಸ್ತಿ. "ನಮ್ಮೂರಲ್ಲಿ ಬಾವುಟ ಹಾರ್ಸುದ್ರೆ ಇವರ ಟಂಕಸಾಲೆ ತಬ್ಬಿಬ್ಬಾಗೋಯ್ತು ನೋಡವ್ವ" ಅಂತ ನೀವು ತೊಡೆ ತಟ್ಟಿ ನಕ್ಕ ನಗುವಿಗೆ ಜಯತ್ತೆ ಒಳಗಿಂದ "ಮತ್ತೆ ಶುರುವಾಯ್ತಾ ಬಾವುಟ?" ಅಂದರು. ನಿಮ್ಮ ನಲವತ್ತೆಂಟರದು ಕಪ್ಪಗಿತ್ತು. ಒರೆಸಬಾರದೇ ಎಂದು ಕೇಳಿದೆ. ಅದು ಕೊಳೆಯಲ್ಲ, ವಯಸ್ಸು; ಒಮ್ಮೆ ಉಜ್ಜಿದರೆ ಕೊಳ್ಳುವವರು ಅದನ್ನು ಬರೀ ಬೆಳ್ಳಿಯ ತೂಕಕ್ಕೆ ಕೇಳುತ್ತಾರೆ ಎಂದು ಹೇಳಿಕೊಟ್ಟಿರಿ.

ಎಮರಿವಿಲ್‌ನ ನನ್ನ ಆಫೀಸಿಗೆ ಆ ಕಪ್ಪು ಡಾಲರನ್ನು ಒಯ್ದದ್ದು ನಿಮ್ಮ ಹಟಕ್ಕೆ. ಆಗ ಎಲ್ಲರಿಗೂ ವೆಬ್‌ಸೈಟಿನ ಹುಚ್ಚು. ನಾಯಿಯ ಬಿಸ್ಕತ್ತಿಗೂ ಒಂದು ಸೈಟು ಇದ್ದ ಕಾಲದಲ್ಲಿ ನಿಮ್ಮ ನಾಣ್ಯಗಳಿಗೆ ಯಾಕಿರಬಾರದು? ಒಳ್ಳೆಯ ಸ್ಕ್ಯಾನರು ಇದ್ದದ್ದು ನಮ್ಮ ಆಫೀಸಿನಲ್ಲಿ. ಮೊದಲು ಇದೊಂದನ್ನು ಮಾಡು, ಉಳಿದವು ಆಮೇಲೆ ಅಂದಿರಿ. ಅದೇ ವಾರ ನಿಮಗೆ ಎದೆನೋವು ಬಂದು ಆಸ್ಪತ್ರೆ ಸೇರಿದಿರಿ. ಡಾಲರು ನನ್ನ ಮೇಜಿನ ಡ್ರಾಯರಿನಲ್ಲೇ ಉಳಿಯಿತು.

ಆಪರೇಷನ್ ಆಗಿ ನೀವು ಮನೆಗೆ ಬಂದ ದಿನ ವರಮಹಾಲಕ್ಷ್ಮಿ ಹಬ್ಬ. ನಾನೇ ಕಾರಿನಲ್ಲಿ ಕರೆತಂದೆ. ಬಾಗಿಲು ತೆಗೆದ ಜಯತ್ತೆಯ ಮುಖ ಈಗಲೂ ಕಣ್ಣಮುಂದೆ ಇದೆ. ದೇವರ ಮುಂದೆ ಹರಿವಾಣದ ತುಂಬ ನಿಮ್ಮ ನಾಣ್ಯಗಳು ಫಳಫಳ ಹೊಳೆಯುತ್ತಿದ್ದವು. ಹಬ್ಬಕ್ಕೆ ಬೆಳ್ಳಿ ಸಾಮಾನು ತೊಳೆಯುವ ಹಾಗೇ ತೊಳೆದಿದ್ದರು, ಮೊದಲು ಹುಣಸೆಹಣ್ಣು, ಆಮೇಲೆ ವಿಭೂತಿ. "ನೀವು ಹುಷಾರಾಗಿ ಬಂದ್ರೆ ನಿಮ್ಮ ಲಕ್ಷ್ಮೀನೆಲ್ಲ ಬೆಳಗ್ಸಿ ಪೂಜೆ ಮಾಡ್ತೀನಿ ಅಂತ ಹರಸ್ಕೊಂಡಿದ್ದೆ. ಎಷ್ಟು ಕಪ್ಪಾಗೋಗಿದ್ವು, ಮೂರು ದಿನ ಉಜ್ಜಿದೀನಿ!" ನಾನು ಬಾಯಿ ತೆರೆದೆ. ನೀವು ನನ್ನ ಮುಂಗೈಯನ್ನು ಗಟ್ಟಿಯಾಗಿ ಅದುಮಿದಿರಿ. ಹರಿವಾಣವನ್ನು ಬಹಳ ಹೊತ್ತು ನೋಡಿ, "ಚೆಂದಾಗವೆ ಕಣೆ" ಅಂದಿರಿ. ಆ ಎರಡು ಪದ ಹೇಳಲು ನಿಮಗೆ ಎಷ್ಟು ಕಷ್ಟವಾಯಿತು ಮಾವ? ಆಮೇಲೆ ನನ್ನನ್ನು ಕಳಿಸಲು ಮೆಟ್ಟಿಲವರೆಗೆ ಬಂದು, "ಅವಳ್ಗೆ ಹೇಳ್ಬ್ಯಾಡ. ನಿನ್ನತ್ರ ಇರೋದ ನಿನ್ನತ್ರಾನೇ ಮಡಿಕ್ಕೊ, ಅದೊಂದಾದ್ರೂ ಬದುಕ್ಲಿ" ಅಂತ ನಕ್ಕಿರಿ. ಜಯತ್ತೆಗೆ ಅದು ಮಾರಾಟವಾಯಿತೆಂದು ಹೇಳಿದಿರಿ.

ಮರುವರ್ಷ ಹಬ್ಬದ ಹಿಂದಿನ ದಿನ ನಿಮ್ಮ ಮನೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ನೀವು ಜಯತ್ತೆಯ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತು ಮೇಪಲ್ ಎಲೆಯ ಡಾಲರನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಿರಿ! ಈ ವರ್ಷ ಬೇಡವೆಂದರೆ ಜಯತ್ತೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ… ನನಗೆ ಅರ್ಥವಾಯಿತು. ಅದರ ಮುಂದಿನ ವರ್ಷವೂ ಹಾಗೇ ಉಜ್ಜಿದಿರಿ. ನಿಮ್ಮಷ್ಟು ಒಳ್ಳೆಯ ಸುಳ್ಳುಗಾರನನ್ನು ನಾನು ಕಂಡಿಲ್ಲ.

ಆ ಚಳಿಗಾಲದಲ್ಲಿ ನೀವು ಈ ಲೋಕದಿಂದಲೇ ಹೊರಟುಬಿಟ್ಟಿರಿ. ಅಷ್ಟರಲ್ಲಿ ನಮ್ಮ ಕಂಪನಿಯೂ ಮುಚ್ಚಿತ್ತು, ಸೈಟು ಆಗಲೇ ಇಲ್ಲ. ಡಾಲರನ್ನು ಮನೆಗೆ ತಂದಿಟ್ಟುಕೊಂಡಿದ್ದೆ. ಕಳೆದ ತಿಂಗಳು ಜಯತ್ತೆ ಆಲ್ಬಮ್ಮನ್ನು ಎದೆಗವಚಿಕೊಂಡು ಬಂದು, "ಗೀತಾ, ಇದರ ಬೆಲೆ ಎಷ್ಟು ಅಂತ ಒಂದ್ಸಲ ಕೇಳ್ಸೋಣ. ಮಾರಕ್ಕಲ್ಲ. ಅವರು ಜೀವ ಬಿಡ್ತಿದ್ದ ವಸ್ತು ಏನು ಅಂತ ನಂಗೂ ತಿಳೀಬೇಕು" ಅಂದರು. ನಾನು ಹೇಳಿದ ಸಬೂಬು ಯಾವುದೂ ನಡೆಯಲಿಲ್ಲ. ಲಾಸ್ ಆಲ್ಟೋಸ್‌ನ ಅಂಗಡಿಯಾತ ಭೂತಗನ್ನಡಿ ಕಣ್ಣಿಗಿಟ್ಟು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ತೊಳೆದಿದ್ದಾರೆ, ಬೆಳ್ಳಿಯ ಬೆಲೆ ಮಾತ್ರ ಸಿಗುತ್ತದೆ, ಛೆ, ಯಾರು ಹೀಗೆ ಮಾಡಿದ್ದು ಎಂದು ಕೇಳಿದ. ಕೊಳ್ಳುವಾಗಲೇ ಹೀಗಿದ್ದವು ಎಂದು ನಾನು ತಡವರಿಸುತ್ತಿದ್ದೆ. ಜಯತ್ತೆ ಬೆನ್ನು ನೆಟ್ಟಗೆ ಮಾಡಿ, "ಐ ವಾಷ್. ಮೈ ಹಸ್ಬೆಂಡ್ ಆಲ್ಸೋ ವಾಷ್" ಅಂದುಬಿಟ್ಟರು.

ವಾಪಸು ಬರುತ್ತಾ ಕಾರು ಡಂಬಾರ್ಟನ್ ಸೇತುವೆ ಹತ್ತಿತು. ಆಮೇಲೆ, "ಅವರಿಗೆ ಗೊತ್ತಿತ್ತಾ?" ಅಂದರು. ಹೂಂ ಅಂದೆ. "ಗೊತ್ತಿದ್ದೂ ನನ್ನ ಪಕ್ಕ ಕೂತು ಉಜ್ಜಿದ್ರಾ?" ಅಂತ ನಗಲು ಶುರುಮಾಡಿದವರು ಅಳುತ್ತಾ ನಿಲ್ಲಿಸಿದರು. ಸಮಾಧಾನ ಮಾಡಲು ಹೋದೆ. ಅತ್ತದ್ದು ನಾಣ್ಯಕ್ಕಲ್ಲ ಮಾವ. "ಇಷ್ಟು ವರ್ಷ ಬಾಳ್ವೆ ಮಾಡಿದೋಳು ನಾನು. ಹೇಳಿದ್ರೆ ಒಂದಿನ ಅತ್ತು ಸುಮ್ಮನಾಗ್ತಿದ್ದೆ. ಒಬ್ಬರೇ ಯಾಕೆ ನುಂಗ್ಕೊಂಡ್ರು?" ನಿಮಗೆ ಇದನ್ನು ಹೇಳಲೇಬೇಕು: ಅವರ ಸಿಟ್ಟು ನ್ಯಾಯವಾಗಿತ್ತು. ನೀವು ಅವರನ್ನು ಇನ್ನೂ ಸ್ವಲ್ಪ ಗಟ್ಟಿ ಹೆಂಗಸೆಂದು ನಂಬಬಹುದಿತ್ತು.

ಅದಕ್ಕೇ ನಾನೂ ಮುಚ್ಚಿಡಲಿಲ್ಲ. ಮೊನ್ನೆ ಹಬ್ಬದ ಹಿಂದಿನ ದಿನ ಕಪ್ಪು ಡಾಲರನ್ನು ಒಯ್ದು ಅವರ ಮುಂದಿಟ್ಟು ಎಲ್ಲ ಹೇಳಿದೆ. ಒಂದು ಕ್ಷಣ ಹುಣಸೆಹಣ್ಣಿನ ಬಟ್ಟಲ ಕಡೆ ನೋಡಿದರು. "ಉಳಿದವು ಹೆಂಗೂ ಹಾಳಾಗವೆ, ಹೊಳೀಲಿ ಬಿಡು" ಅಂತ ಅವನ್ನಷ್ಟೇ ಪ್ರತಿ ವರ್ಷದ ಹಾಗೆ ಉಜ್ಜಿ ತೊಳೆದರು. ಪಕ್ಕದಲ್ಲಿ ನಿಮ್ಮ ಜಾಗ ಖಾಲಿ ಇತ್ತು, ನಾನು ಕೂತೆ. ಮಾರನೆಯ ದಿನ ಹರಿವಾಣದಲ್ಲಿ ಎಲ್ಲವನ್ನೂ ಜೋಡಿಸಿ, ಕಪ್ಪನೆಯದನ್ನು ನಡುವೆ ಇಡು ಅಂದರು. ನಾನು ಅವಸರದಲ್ಲಿ ಅದನ್ನು ಎತ್ತಿಕೊಂಡೆನಷ್ಟೇ, ನನ್ನ ಕೈಗೆ ಪಟ್ಟನೆ ಒಂದು ಏಟು ಬಿತ್ತು.

"ಏ, ಅಂಚು ಹಿಡ್ಕೊಳೆ! ಮುಖದ ಮೇಲೆ ಬೆರಳು ಇಡಬಾರ್ದು ಅಂತ ನಿಮ್ಮ ಮಾವ ಹೇಳಿಕೊಟ್ಟಿಲ್ವಾ?"

ನಿಮ್ಮ,
ಗೀತಾ